ಪುಂಡರೀಕಾಕ್ಷ ಉಪಾಧ್ಯರ ಅವಲಕ್ಕಿ ವ್ರತ

ಮೂರನೆಯ ವಾರಕ್ಕೆ ವೇದಾವತಿಗೆ ಗೊತ್ತಿದ್ದ ಅವಲಕ್ಕಿಗಳೆಲ್ಲ ಮುಗಿದವು. ಬೆಲ್ಲ ತೆಂಗಿನಕಾಯಿ ಹಾಕಿ ಕಲಸಿದ್ದಾಯಿತು, ಮೊಸರವಲಕ್ಕಿಯಾಯಿತು, ಗೊಜ್ಜವಲಕ್ಕಿಯಾಯಿತು, ಒಗ್ಗರಣೆ ಹಾಕಿದ್ದಾಯಿತು. ತಾವಿದ್ದ ಬದಲಾಪುರದ ಹೆಂಗಸರಿಂದ ಕಲಿತ ಕಾಂದಾಪೋಹೆಯನ್ನು ಕಾಂದಾ, ಎಂದರೆ ಈರುಳ್ಳಿ, ಬಿಟ್ಟು ಮಾಡಿದ್ದೂ ಆಯಿತು. ಬಟ್ಟಲು ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟರೆ ಗಂಡ ಪುಂಡರೀಕಾಕ್ಷ ಉಪಾಧ್ಯರು ಗೋಡೆಯ ಕಡೆ ತಿರುಗಿದ್ದ ಮುಖವನ್ನು ಈಚೆ ತಿರುಗಿಸಿ, ನಾಲ್ಕು ಚಮಚ ತಿಂದು, "ಸಾಕು" ಎಂದು ಮತ್ತೆ ಗೋಡೆಗೆ ತಿರುಗುತ್ತಿದ್ದರು.

ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನೆಲದಿಂದ ಐದಡಿ ಎತ್ತರದಲ್ಲಿ ಪ್ರವಾಹದ ನೀರು ಎಳೆದ ಕಂದು ಗೆರೆಯೊಂದಿತ್ತು, ಅಷ್ಟೆ.

"ಅನ್ನ ಬಿಟ್ಟವ ಅವಲಕ್ಕಿ ಹೇಗೆ ತಿಂತಾನೆ?" ಎಂದು ಅಡುಗೆಮನೆಯ ಬಾಗಿಲಲ್ಲಿ ಕೂತ ಅತ್ತೆ ಜಾನಕಮ್ಮ ಕೇಳಿದರು. ಎಂಬತ್ತೆರಡು ವರ್ಷದ ಅವರಿಗೆ ಕಣ್ಣು ಮಂದವಾಗಿತ್ತು, ನಾಲಿಗೆ ಆಗಿರಲಿಲ್ಲ. "ಅವಲಕ್ಕಿಯನ್ನ ಎಂತ ಗೋಧಿಯಲ್ಲಿ ಮಾಡ್ತಾರಾ?"

"ಬೇಯಿಸಿದ್ದು ಮಾತ್ರ ಬಿಟ್ಟದ್ದಂತೆ ಅತ್ತೆ."

"ಅವಲಕ್ಕಿ ಮಾಡುವಾಗ ಭತ್ತ ಬೇಯಿಸುದಿಲ್ವಾ?"

"ಮೆತ್ತಗೆ ಮಾತಾಡಿ. ಕೇಳಿಸಿದ್ರೆ ಅದನ್ನೂ ಬಿಡ್ತಾರೆ."

ಆಗಿದ್ದಿಷ್ಟು. ಅಂಬರ್‌ನಾಥದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ದುಡಿದು ಉಪಾಧ್ಯರು ನಿವೃತ್ತರಾದದ್ದು ೨೦೦೫ರ ಜೂನ್ ಕೊನೆಗೆ. ಜುಲೈ ಇಪ್ಪತ್ತಾರಕ್ಕೆ ಆ ಮಳೆ ಬಂತು. ಸಂಜೆಯ ಹೊತ್ತಿಗೆ ಉಲ್ಹಾಸ ನದಿ ತನ್ನ ದಾರಿ ಬಿಟ್ಟು ಇವರ ಬಿಲ್ಡಿಂಗಿನ ದಾರಿ ಹಿಡಿಯಿತು. ನೆಲಮಹಡಿಯ ಮನೆ, ಅರ್ಧ ಗಂಟೆಯಲ್ಲಿ ಎದೆಮಟ್ಟ ನೀರು. ಮೊದಲ ಮಹಡಿಯ ಭೋಯಿರ್ ಮಾವಶಿ, ಬಿಲ್ಡಿಂಗಿಗೆಲ್ಲ ಚಿಕ್ಕಮ್ಮನಂಥವಳು, ಮೆಟ್ಟಿಲಲ್ಲಿ ನಿಂತು, ಮೊದಲು ಅಜ್ಜಿಯನ್ನು, ಆಮೇಲೆ ಉಳಿದವರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಮೇಲೆ ಎಳೆದುಕೊಂಡಳು. ಮೀನು ಬೇಯುವ ಮನೆ. ಆದರೂ ಇವರಿಗಾಗಿ ಹೊಸ ಪಾತ್ರೆ ತೆಗೆದು, ನಾಲ್ಕು ದಿನ ಅನ್ನ ಮತ್ತು ಬಟಾಟೆ ಬೇಯಿಸಿ ಹಾಕಿದಳು. ನೀರಿಳಿದು ಕೆಳಗೆ ಬಂದಾಗ ಮನೆಯಲ್ಲಿ ಕೆಸರಿತ್ತು, ಯಾರದೋ ಒಂದು ಸೈಕಲ್ ಇತ್ತು, ದೇವರ ಪೆಟ್ಟಿಗೆ ಇರಲಿಲ್ಲ.

ಪೆಟ್ಟಿಗೆಯೊಳಗೆ ಉಪಾಧ್ಯರ ಅಜ್ಜನ ಅಜ್ಜನ ಕಾಲದಿಂದ ಬಂದ ಸಾಲಿಗ್ರಾಮವಿತ್ತು. ಸಣ್ಣ ಮಾವಿನಕಾಯಿಯಷ್ಟು ದೊಡ್ಡ ಕಪ್ಪು ಕಲ್ಲು. ಒಂದು ಪಕ್ಕದಲ್ಲಿ ಹೆಬ್ಬೆಟ್ಟು ಹಿಡಿಯುವಷ್ಟು ತೂತು, ತೂತಿನೊಳಗೆ ಸುರುಳಿ ಸುತ್ತಿದ ಚಕ್ರ. ದಿನಾ ಅದಕ್ಕೆ ಅಭಿಷೇಕ ಮಾಡಿ, ಆ ತೀರ್ಥ ಕುಡಿದ ಮೇಲೆಯೇ ಉಪಾಧ್ಯರು ಊಟಕ್ಕೆ ಕೂರುತ್ತಿದ್ದದ್ದು. "ತೀರ್ಥ ಇಲ್ಲದ ಮೇಲೆ ಊಟ ಎಲ್ಲಿಯದು? ಅದು ಸಿಗುವವರೆಗೆ ನನಗೆ ಅನ್ನ ಬೇಡ" ಎಂದವರು ಮಂಚ ಹಿಡಿದರು.

ವೇದಾವತಿಗೆ ಇದರಲ್ಲಿ ಇನ್ನೊಂದು ಸಂಕಟವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ಸಂಜೆ ದೇವರ ಪೆಟ್ಟಿಗೆ ತೇಲಿಕೊಂಡು ಬಂದದ್ದು ಅವಳ ಎದುರಿಗೇ. ಕೈ ಚಾಚಿದರೆ ಸಿಗುತ್ತಿತ್ತು. ಚಾಚಿದ್ದಳು ಕೂಡ. ಆದರೆ ಅವರ ಮನೆಯಲ್ಲಿ ಹೆಂಗಸರು ಸಾಲಿಗ್ರಾಮ ಮುಟ್ಟುವ ಕ್ರಮವಿಲ್ಲ. ಇಪ್ಪತ್ತೇಳು ವರ್ಷ ಗಂಧ ತೇದಿದ್ದಾಳೆ, ಹೂ ಬಿಡಿಸಿದ್ದಾಳೆ, ದೇವರ ಪಾತ್ರೆ ತಿಕ್ಕಿದ್ದಾಳೆ; ಪೆಟ್ಟಿಗೆ ಮಾತ್ರ ಮುಟ್ಟಿದವಳಲ್ಲ. ಚಾಚಿದ ಕೈ ತನ್ನಷ್ಟಕ್ಕೇ ಹಿಂದೆ ಬಂತು. "ಓಯ್, ಇಲ್ಲಿ ಬನ್ನಿ, ದೇವರು!" ಎಂದು ಗಂಡನನ್ನು ಕೂಗಿದಳು. ಅಷ್ಟರಲ್ಲಿ ಪೆಟ್ಟಿಗೆ ಬಾಗಿಲು ದಾಟಿ, ಒಮ್ಮೆ ತಿರುಗಿ, ಗೇಟಿನ ಕಡೆ ಹೋಯಿತು. ಎದೆಮಟ್ಟ ನೀರಲ್ಲಿ ನಿಂತು ಮಡಿ ನೋಡಿದ ಹೆಂಗಸು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದು ಅವಳಿಗೆ ದಿನಕ್ಕೆ ನಾಲ್ಕು ಸಲ ಅನ್ನಿಸುತ್ತಿತ್ತು.

ಮಗ ಮಯೂರ್‌ಗೆ ಇಪ್ಪತ್ನಾಲ್ಕು ವರ್ಷ. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ವಾಶಿಗೆ ಹೋಗಿ, ಒಂದು ಬ್ಯಾಂಕಿನ ಗಿರಾಕಿಗಳಿಂದ ಫೋನಿನಲ್ಲಿ ಬೈಸಿಕೊಳ್ಳುವ ಕೆಲಸ. ಬೈದವರಿಗೆ ಸಮಾಧಾನ ಹೇಳುವುದು ಅವನಿಗೆ ಅಭ್ಯಾಸವಾಗಿತ್ತು.

"ಪಪ್ಪಾ, ಸಿಂಪಲ್ ಹೈ. ಡೊಂಬಿವಲಿಯ ಹಯಗ್ರೀವಾಚಾರ್ಯರ ಹತ್ರ ಎರಡು ಎಕ್ಸ್‌ಟ್ರಾ ಸಾಲಿಗ್ರಾಮ ಉಂಟಂತೆ. ಒಂದು ಕೊಡ್ತಾರೆ. ರಿಪ್ಲೇಸ್ ಮಾಡುವಾ."

ಉಪಾಧ್ಯರು ಗೋಡೆಗೇ ಉತ್ತರಿಸಿದರು: "ನಾಳೆ ನಿನ್ನ ಅಪ್ಪ ಕಳೆದುಹೋದ್ರೆ ಡೊಂಬಿವಲಿಯಿಂದ ಇನ್ನೊಬ್ಬನನ್ನ ತರ್ತೀಯಾ?"

"ಅರೇ, ಐಸಾ ಥೋಡೀ..." ಎಂದು ಮಯೂರ್ ಅಮ್ಮನ ಮುಖ ನೋಡಿದ. ಅಮ್ಮ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಉಪಾಧ್ಯರನ್ನು ಮಂಚದಿಂದ ಎಬ್ಬಿಸಿದ್ದು ಸಮಾಧಾನದ ಮಾತಲ್ಲ, ಜಾನಕಮ್ಮನವರ ಬೈಗುಳ. ಒಂದು ಬೆಳಿಗ್ಗೆ ಕೋಲೂರಿಕೊಂಡು ಬಂದ ಅವರು ಮಗನ ಬೆನ್ನಿಗೇ ಹೇಳಿದರು:

"ಅಲ್ಲ ಪುಂಡಾ, ಸಾಲಿಗ್ರಾಮ ಕಲ್ಲಾ, ಬೆಂಡಾ?"

"ಕಲ್ಲು."

"ಕಲ್ಲು ತೇಲ್ತದಾ, ಮುಳುಗ್ತದಾ?"

"ಮುಳುಗ್ತದೆ."

"ಪೆಟ್ಟಿಗೆ ತೇಲಿದ್ದು ಸರಿ. ಎಲ್ಲಿಯೋ ಒಂದು ಕಡೆ ಮಗುಚಿರ್ಬೇಕಲ್ಲ? ಮಗುಚಿದಲ್ಲಿ ಕಲ್ಲು ಬಿದ್ದಿರ್ಬೇಕಲ್ಲ? ನೀನು ಬಿಎಸ್ಸಿ ಓದಿದ್ದು ಮಲಗ್ಲಿಕ್ಕಾ?"

ಆಮೇಲೆ ಮಂಚ ಕಿರುಗುಟ್ಟಿತು. "ಗ್ರಾಫ್ ಹಾಳೆ ಎಲ್ಲಿ ಸಿಗ್ತದೆ ಇಲ್ಲಿ?" ಎಂದು ಉಪಾಧ್ಯರು ಕೇಳಿದರು.

ಅಂದು ಶುರುವಾದದ್ದು. ನಕ್ಷೆ ಬರೆದರು. ಬಿಲ್ಡಿಂಗಿನ ಗೇಟಿನಿಂದ ನದಿಯ ದಂಡೆಯವರೆಗಿನ ಜಾಗವನ್ನು ಐದೈದು ಮೀಟರಿನ ಚೌಕಗಳಾಗಿ ಕತ್ತರಿಸಿದರು. ದಿನಾ ಬೆಳಿಗ್ಗೆ ಆರಕ್ಕೆ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಹೆಗಲಿಗೆ ಒಂದು ಚೀಲ ಹಾಕಿಕೊಂಡು ಹೊರಡುವುದು, ಎರಡು ಚೌಕ ಜಾಲಾಡುವುದು, ಕಪ್ಪಗೆ ದುಂಡಗೆ ಕಂಡದ್ದನ್ನೆಲ್ಲ ಮನೆಗೆ ತರುವುದು. ಕೆಸರು ಮುಚ್ಚಿದ ಕಲ್ಲಿಗೆ ತೂತಿದೆಯೋ ಇಲ್ಲವೋ ಅಲ್ಲೇ ತಿಳಿಯುವುದಿಲ್ಲ, ಮನೆಯಲ್ಲಿ ನೆನೆಹಾಕಿ ಉಜ್ಜಬೇಕು ಎಂಬುದು ಅವರ ವಾದ. ಉಜ್ಜುವವಳು ವೇದಾವತಿ. ಅಪ್ಪ ತಂದದ್ದನ್ನೆಲ್ಲ ನೆನೆಸಿದ ಬಕೆಟ್ಟಿನಲ್ಲಿ ಕತ್ತಲಲ್ಲಿ ಕೈಹಾಕಿ, ಸ್ನಾನದ ಮಗ್ ಎಂದು ಕಲ್ಲೆತ್ತಿ ತಲೆಗೆ ಬಡಿದುಕೊಂಡ ಮಯೂರ್ ಅಂದು ಆಫೀಸಿಗೆ ಲೇಟಾಗಿ ಹೋದ.

"ಅಮ್ಮಾ, ಘರ್ ಹೈ ಕಿ ಕಲ್ಲುಕೋರೆ?"

"ಮೆತ್ತಗೆ. ನಿನ್ನೆ ಅವರು ಆರು ಚಮಚ ತಿಂದಿದ್ದಾರೆ."

ಉಜ್ಜಿದ ಕಲ್ಲನ್ನು ಉಪಾಧ್ಯರು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದರು. ಆಮೇಲೆ ಗೆರೆ ಹಾಕಿದ ಗಾಜಿನ ಜಾಡಿಯ ನೀರಿನಲ್ಲಿ ಇಳಿಸಿ, ನೀರು ಎಷ್ಟು ಏರಿತು ನೋಡಿ, ಏನೋ ಭಾಗಿಸಿ, ತಲೆ ಅಲ್ಲಾಡಿಸುತ್ತಿದ್ದರು. ಒಂದು ದಿನ ಪಾತ್ರೆ ತಿಕ್ಕುತ್ತಿದ್ದ ವೇದಾವತಿಗೆ ಅನುಮಾನ ಬಂತು.

"ಅಲ್ಲ, ತೂಗಿ ಎಂತ ಪ್ರಯೋಜನ? ದೇವರ ತೂಕ ಎಷ್ಟು ಅಂತ ನಿಮಗೆ ಹೇಗೆ ಗೊತ್ತು?"

ಉಪಾಧ್ಯರು ಜಾಡಿಯ ಕಡೆ ಬಗ್ಗಿದರು. "ಇನ್ನೂರ ಮೂವತ್ತೆಂಟು ಗ್ರಾಂ."

"ಹೇಗೆ ಗೊತ್ತು?"

"ತೊಂಬತ್ತೊಂದರಲ್ಲಿ ಕಂಪನಿಗೆ ಹೊಸ ತಕ್ಕಡಿ ಬಂತು. ಜರ್ಮನಿಯದ್ದು. ಒಂದು ಸಲ..."

"ತಗೊಂಡು ಹೋದ್ರಾ? ಯಾವುದರಲ್ಲಿ?"

"ಟಿಫಿನ್ ಡಬ್ಬಿಯಲ್ಲಿ. ಹೊಸ ಡಬ್ಬಿ. ತೊಳೆದಿದ್ದೆ."

"ಲೋಕಲ್ ಟ್ರೈನಲ್ಲಾ!"

"ಫಸ್ಟ್ ಕ್ಲಾಸ್ ಟಿಕೆಟ್ ತೆಗೆದಿದ್ದೆ ವೇದಾ. ಅದೊಂದು ದಿನ."

ವೇದಾವತಿ ಸೋಪಿನ ಕೈಯನ್ನು ಸೊಂಟಕ್ಕಿಟ್ಟು ನಿಂತಳು. ನಾವು ಇಲ್ಲಿ ಕೈ ಹಿಂದೆ ತೆಗೆದುಕೊಂಡು ಸಾಯುತ್ತಿದ್ದೇವೆ, ಇವರು ದೇವರನ್ನು ಡಬ್ಬಿಯಲ್ಲಿ ಹಾಕಿಕೊಂಡು ತಿರುಗಿದ್ದಾರೆ ಎಂಬ ಮಾತು ಗಂಟಲವರೆಗೆ ಬಂದು ನಿಂತಿತು. "ಯಾಕೆ ಹಾಗೆ ಮಾಡಿದ್ರಿ?" ಎಂದಷ್ಟೇ ಕೇಳಿದಳು.

"ಅಷ್ಟು ವರ್ಷ ಊರವರ ಬಣ್ಣದ ಪುಡಿ ತೂಗಿದೆ. ನನ್ನದು ಅಂತ ಒಂದು ವಸ್ತು ತೂಗುವಾ ಅನ್ನಿಸಿತು."

ಬಾಗಿಲಲ್ಲಿದ್ದ ಜಾನಕಮ್ಮ ಕೇಳಿದರು: "ಎಷ್ಟಂದಿ? ಇನ್ನೂರ ಮೂವತ್ತೆಂಟಾ?"

"ಹೌದಮ್ಮ."

"ನಾನು ಇನ್ನೂರೈವತ್ತು ಗ್ಯಾರಂಟಿ ಅಂತಿದ್ದೆ."

ಆಗಸ್ಟ್ ಹೋಯಿತು, ಚೌತಿ ಹೋಯಿತು, ಬಾಲ್ಕನಿಯಲ್ಲಿ ಕಲ್ಲುಗಳು ನೂರು ದಾಟಿದವು. ಪ್ರತಿ ಕಲ್ಲಿಗೂ ಬಿಳಿ ಪೇಂಟಿನಲ್ಲಿ ಒಂದು ನಂಬರು. ಉಪಾಧ್ಯರ ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು. ಅನ್ನವಿಲ್ಲದ ಹೊಟ್ಟೆಯಲ್ಲಿ ದಿನಾ ಮೂರು ಮೈಲಿ ನಡೆಯುತ್ತಿದ್ದರು. ಒಂದು ಸಲ ತಲೆ ಸುತ್ತಿ ಗೇಟಿನ ಹತ್ತಿರ ಕೂತುಬಿಟ್ಟರು. ಅಂಥ ಹೊತ್ತಿನಲ್ಲಿ ನೆರವಿಗೆ ಬಂದವಳು ಮೇಲಿನ ಮನೆಯ ಮಾವಶಿಯೇ.

"ವಹಿನಿ, ಭಾವೋಜಿ ಬರೀ ಪೋಹೆ ತಿಂದ್ರೆ ರಕ್ತ ಎಲ್ಲಿಂದ ಬರ್ತದೆ?" ಎಂದು ತನ್ನ ಮರಾಠಿಯಲ್ಲಿ ಗದರಿಸಿ, ಶೇಂಗಾ, ಒಣಮೆಣಸು, ಉಪ್ಪು ಹಾಕಿ ಕುಟ್ಟಿದ ಪುಡಿಯ ಡಬ್ಬಿ ತಂದುಕೊಟ್ಟಳು. "ಬೆಳ್ಳುಳ್ಳಿ ಹಾಕಿಲ್ಲ. ನಿಮ್ಮ ಮನೆಗೆ ಅಂತ ಕುಟ್ಟುವ ಖಲ ಮೂರು ಸಲ ತೊಳೆದು ಕುಟ್ಟಿದ್ದೇನೆ."

ಆ ಪುಡಿ ಉದುರಿಸಿದ ಅವಲಕ್ಕಿಯನ್ನು ಉಪಾಧ್ಯರು ಇಡೀ ಬಟ್ಟಲು ತಿಂದರು. "ಇದಕ್ಕೆ ಎಂತ ಹಾಕಿದ್ದಿ? ಒಂದು ಥರಾ ರುಚಿ ಉಂಟು" ಎಂದು ಇನ್ನರ್ಧ ಬಟ್ಟಲು ಕೇಳಿದರು. ಡಬ್ಬಿ ವಾರವಾರ ಕೆಳಗಿಳಿದು ಬರತೊಡಗಿತು.

ಇನ್ನೊಂದು ಬದಲಾವಣೆಯನ್ನೂ ವೇದಾವತಿ ಗಮನಿಸಿದಳು. ಮೊದಮೊದಲು ಅವರು ಮನೆಗೆ ಬಂದು ಹೇಳುತ್ತಿದ್ದದ್ದು ಚೌಕದ ನಂಬರು. ಈಗ ಬೇರೆ ಏನೇನೋ ಬರುತ್ತಿತ್ತು.

"ಮಿಂಚುಳ್ಳಿ ಉಂಟಲ್ಲ ವೇದಾ, ಅದು ಮೀನು ಹಿಡಿದ ಮೇಲೆ ಕೂಡಲೇ ನುಂಗುದಿಲ್ಲ. ಕೊಂಬೆಗೆ ಎರಡು ಸಲ ಬಡೀತದೆ. ಇವತ್ತು ಎಣಿಸಿದೆ."

"ಹೌದಾ?"

"ನೀರಿಳಿದಲ್ಲಿ ಹುಲ್ಲು ಎಷ್ಟು ಬಂದಿದೆ ಗೊತ್ತುಂಟಾ? ಎಲ್ಲ ಕೊಚ್ಚಿಕೊಂಡು ಹೋದ ಜಾಗ ಅದು. ಆಳೆತ್ತರ! ತುದಿಗೆ ಬಿಳಿ ಕುಚ್ಚು."

"ಮತ್ತೆ ಕಲ್ಲು?"

"ಕಲ್ಲು? ಹಾಂ, ಮೂರು ತಂದಿದ್ದೇನೆ" ಎಂದು ಚೀಲ ಹುಡುಕುತ್ತಿದ್ದರು.

ದಸರೆಗೆ ನಾಲ್ಕು ದಿನವಿದ್ದಾಗ ಖಾಲಿ ಡಬ್ಬಿ ಹಿಂದೆ ಕೊಡಲು ವೇದಾವತಿ ಮೇಲೆ ಹೋದಳು. ಮಾವಶಿ ನೆಲದ ಮೇಲೆ ಕಾಲು ಚಾಚಿ ಕೂತು, ಕಲ್ಲಿನ ಖಲದಲ್ಲಿ ಹಸಿಮೆಣಸು ಬೆಳ್ಳುಳ್ಳಿ ಹಾಕಿ ಠೇಚಾ ಜಜ್ಜುತ್ತಿದ್ದಳು. ಕಣ್ಣು ಉರಿಯುವ ಘಾಟು.

"ಬಸಾ ವಹಿನಿ, ಕೂತ್ಕೊಳ್ಳಿ. ನಿಮ್ಮ ಪುಡಿ ನಾಳೆ ಕುಟ್ಟಿಕೊಡ್ತೇನೆ."

"ಕೈ ನೋಯುದಿಲ್ವಾ ಮಾವಶಿ? ಮಿಕ್ಸರ್ ಉಂಟಲ್ಲ ನಿಮ್ಮಲ್ಲಿ."

"ಮಿಕ್ಸರಿನಲ್ಲಿ ಆ ರುಚಿ ಎಲ್ಲಿ ಬರಬೇಕು! ಖಲ ಗೇಟಿನ ಪಕ್ಕದ ನಲ್ಲಿಯ ಹತ್ರ ಇಟ್ಟಿದ್ದೆ. ಪ್ರವಾಹ ಖಲ ಬಿಟ್ಟು ಬತ್ತಾ, ಅದೇ ಕುಟ್ಟುವ ಗುಂಡು, ಮಾತ್ರ ಒಯ್ದಿತು ನೋಡಿ. ಆದರೆ ಅದಕ್ಕೂ ನ್ಯಾಯ ಗೊತ್ತು. ಕೆಸರು ತೆಗೆಯುವಾಗ ನಲ್ಲಿಯ ಬುಡದಲ್ಲೇ ಇದು ಸಿಕ್ಕಿತು. ಹಳೇ ಬತ್ತಾಕ್ಕಿಂತ ವಾಸಿ. ಹಿಡಿದು ನೋಡಿ, ಈ ತೂತಿಗೆ ಹೆಬ್ಬೆಟ್ಟು ಇಟ್ಟರೆ ಜಾರೋದೇ ಇಲ್ಲ!"

ಎಂದವಳು ಕೈಯಲ್ಲಿದ್ದ ಕಲ್ಲನ್ನು ವೇದಾವತಿಯ ಅಂಗೈಗೆ ಇಟ್ಟೇಬಿಟ್ಟಳು.

ವೇದಾವತಿ ಇಪ್ಪತ್ತೇಳು ವರ್ಷ ಎರಡು ಮೊಳ ದೂರದಿಂದ ನೋಡಿದ ಚಕ್ರ ಅದು. ಈಗ ಅದರ ಸುರುಳಿಯಲ್ಲಿ ಒಂದು ಮೆಣಸಿನ ಬೀಜ ಸಿಕ್ಕಿಕೊಂಡಿತ್ತು.

"ಕೈಗೆ ಒಪ್ತದಲ್ವಾ?"

"ಒಪ್ತದೆ" ಎಂದಳು. ಕಲ್ಲನ್ನು ಮೆಲ್ಲಗೆ ಖಲದ ಪಕ್ಕದಲ್ಲಿಟ್ಟು, ಚಹಾ ಬೇಡವೆಂದು, ಮೆಟ್ಟಿಲಿಳಿದು ಬಂದಳು. ಅಂಗೈ ರಾತ್ರಿಯವರೆಗೂ ಉರಿಯಿತು. ಮೆಣಸಿಗೋ ದೇವರಿಗೋ ಅವಳಿಗೆ ತಿಳಿಯಲಿಲ್ಲ.

ಹೇಳಿದರೆ ಏನಾಗುತ್ತದೆ? ಬೆಳ್ಳುಳ್ಳಿ ಎಂಬ ಹೆಸರು ಕೇಳಿದರೆ ಮೂಗು ಮುಚ್ಚುವ ಮನುಷ್ಯ. ಮನೆತನದ ದೇವರು ಮೂರು ಹೊತ್ತು ಠೇಚಾ ಜಜ್ಜುತ್ತಿದ್ದಾನೆ ಎಂದು ತಿಳಿದರೆ ಅವಲಕ್ಕಿಯನ್ನೂ ಬಿಟ್ಟು ಮತ್ತೆ ಮಂಚ ಹಿಡಿದಾರು. ಮಾವಶಿಗೆ ತಿಳಿದರೆ ಅವಳೂ ಕುಗ್ಗಿ ಹೋಗುತ್ತಾಳೆ. ಪ್ರಾಣ ಉಳಿಸಿದವಳಿಗೆ ಕೊಡುವ ಉಡುಗೊರೆಯೇ ಅದು? ಹೇಳದಿದ್ದರೆ ಬೆಲ್ಟಿಗೆ ಮೂರನೆಯ ತೂತು. ಎರಡು ದಿನ ಸಾರಿಗೆ ಉಪ್ಪು ಎರಡೆರಡು ಸಲ ಹಾಕಿದ ಮೇಲೆ ಅತ್ತೆಯ ಹತ್ತಿರ ಕೂತು ಎಲ್ಲ ಹೇಳಿದಳು.

ಜಾನಕಮ್ಮ ಕೋಲನ್ನು ಪಕ್ಕಕ್ಕಿಟ್ಟರು. "ಸಿಕ್ಕಿತಲ್ಲ. ಮತ್ತೆ ಎಂತಕ್ಕೆ ಅಳುದು?"

"ಬೆಳ್ಳುಳ್ಳಿ ಅತ್ತೆ! ಮೇಲೆ ಅದು ಮೀನಿನ ಮನೆ!"

"ಸಾಲಿಗ್ರಾಮ ಬಂದದ್ದು ಎಲ್ಲಿಂದ? ಗಂಡಕಿ ನದಿಯಿಂದ. ಗಂಡಕಿಯಲ್ಲಿ ಮೀನು ಇರ್ಲಿಲ್ವಾ?"

ವೇದಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮತ್ತೆ ಆ ಶೇಂಗಾಪುಡಿ," ಎಂದು ಅಜ್ಜಿ ದನಿ ತಗ್ಗಿಸಿದರು, "ಅದನ್ನೂ ಅದರಲ್ಲೇ ಕುಟ್ಟಿದ್ದಲ್ವಾ? ಹಾಗಾದ್ರೆ ಒಂದು ತಿಂಗಳಿಂದ ನನ್ನ ಮಗನಿಗೆ ಪ್ರಸಾದ ತಪ್ಪಲೇ ಇಲ್ಲ. ಹೋಗಿ ಹೇಳು. ಆದರೆ ಒಳಗೆ ಹೇಳ್ಬೇಡ, ಆ ಮಂಚ ಹತ್ರ ಉಂಟು. ಹೊರಗೆ ಕರ್ಕೊಂಡು ಹೋಗಿ ಹೇಳು."

ಮರುದಿನ ಬೆಳಿಗ್ಗೆ "ನಾನೂ ಬರ್ತೇನೆ" ಎಂದಾಗ ಉಪಾಧ್ಯರಿಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ದಾರಿಯುದ್ದಕ್ಕೂ, ಹೊಸ ಮನೆ ತೋರಿಸುವವರ ಹಾಗೆ, ಅದನ್ನು ನೋಡು ಇದನ್ನು ನೋಡು ಎಂದರು. ನದಿ ಸಣ್ಣಗಾಗಿ, ತಾನೇನೂ ಮಾಡಿದವಳಲ್ಲ ಎಂಬಂತೆ ಕಪ್ಪು ಬಂಡೆಗಳ ನಡುವೆ ಹರಿಯುತ್ತಿತ್ತು. ಬಿಳಿ ಕುಚ್ಚಿನ ಹುಲ್ಲು ನಿಜಕ್ಕೂ ಆಳೆತ್ತರವಿತ್ತು. ಹುಲ್ಲಿನ ಸಂದಿನಿಂದ ಹುಂಡುಕೋಳಿಯೊಂದು ಮರಿಗಳ ಸಾಲು ಕಟ್ಟಿಕೊಂಡು ಬಂದು, ಇವರನ್ನು ನೋಡಿ, ಸಾಲನ್ನು ಹಿಂದಕ್ಕೆ ತಿರುಗಿಸಿತು.

ಉಪಾಧ್ಯರು ಜೇಬಿನಿಂದ ತುಳಸಿಯ ದಳ ತೆಗೆದು, ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ, ದಳದೊಂದಿಗೆ ಮೆಲ್ಲಗೆ ನದಿಗೇ ಬಿಟ್ಟರು. ದಳ ತೇಲಿಕೊಂಡು ಹೋಯಿತು.

"ಇದೆಂತ?" ಎಂದಳು ವೇದಾವತಿ.

"ದಿನಾ ಮಾಡ್ತೇನೆ. ಲೆಕ್ಕ ಹಾಕಿ ನೋಡಿದೆ ವೇದಾ. ಇಲ್ಲಿ ಎರಡಡಿ ಹೂಳು ಬಿದ್ದಿದೆ. ಇನ್ನು ಅದು ಸಿಗುದಿಲ್ಲ. ಗೊತ್ತಾಗಿ ಒಂದು ತಿಂಗಳಾಯ್ತು."

"ಮತ್ತೆ ಯಾಕೆ ಬರ್ತೀರಿ?"

"ಎಲ್ಲಿಯೋ ಇದರಲ್ಲೇ ಉಂಟಲ್ಲ. ಇಡೀ ನದಿಗೆ ಬಿಟ್ರೆ ಅವನಿಗೂ ಒಂದು ತೊಟ್ಟು ತಲುಪ್ತದೆ." ಅವರು ಬಂಡೆಯ ಮೇಲೆ ಕೂತು ಕಾಲು ಒರೆಸಿಕೊಂಡರು. "ಮೊದಲು ಒಂದು ಪೆಟ್ಟಿಗೆಯಲ್ಲಿ ಇದ್ದ. ಈಗ ಇಷ್ಟುದ್ದ ಇದ್ದಾನೆ ಅಂದ್ಕೊಳ್ತೇನೆ. ಇಲ್ಲಿ ಬಂದು ಕೂತ್ರೆ ಎದೆ ಹಗುರ ಆಗ್ತದೆ. ಮನೆಗೆ ಬಂದ್ರೆ ಆ ಗೋಡೆ."

ವೇದಾವತಿ ಇಷ್ಟು ದಿನ ಹೊತ್ತದ್ದು ಒಮ್ಮೆಲೇ ಹೊರಗೆ ಬಂತು. "ತಪ್ಪು ನನ್ನದು. ಪೆಟ್ಟಿಗೆ ನನ್ನ ಎದುರಿಗೇ ಬಂತು. ಕೈ ಚಾಚಿ ಹಿಂದೆ ತಗೊಂಡೆ. ಹೆಂಗಸು ಮುಟ್ಟಬಾರದು ಅಂತ. ನಿಮ್ಮನ್ನ ಕರೆದೆ, ನೀವು ಬರುವಷ್ಟರಲ್ಲಿ..."

ಉಪಾಧ್ಯರು ನೀರನ್ನೇ ನೋಡುತ್ತಿದ್ದರು. "ನೀನು ಕರೆದದ್ದು ಕೇಳಿಸಿತ್ತು."

"ಕೇಳಿಸಿತ್ತಾ?"

"ಪೆಟ್ಟಿಗೆ ಹೋಗುದೂ ಕಂಡಿತ್ತು. ನನ್ನಿಂದ ನಾಲ್ಕು ಹೆಜ್ಜೆ."

"ಮತ್ತೆ ಯಾಕೆ ಹಿಡೀಲಿಲ್ಲ?"

"ಎರಡೂ ಕೈಯಲ್ಲಿ ಟಿವಿ ಇತ್ತು."

ನಿವೃತ್ತಿಯ ದುಡ್ಡಿನಲ್ಲಿ ತಂದ ಇಪ್ಪತ್ತೊಂದು ಇಂಚಿನ ಕಲರ್ ಟಿವಿ. ತಲೆಯ ಮೇಲೆ ಎತ್ತಿ ಹಿಡಿದು, ಹನುಮಂತ ಪರ್ವತ ಹೊತ್ತಂತೆ, ಮೆಟ್ಟಿಲವರೆಗೆ ತಂದಿದ್ದರು. ಅಲ್ಲಿ ಕಾಲು ಜಾರಿ, ಟಿವಿ ಸಮೇತ ಮುಳುಗಿ ಎದ್ದಿದ್ದರು. ಆಮೇಲೆ ಅದು ಒಂದು ದಿನವೂ ಹತ್ತಿರಲಿಲ್ಲ.

"ಬಿಡ್ಲಾ ಬೇಡ್ವಾ ಅಂತ ಯೋಚಿಸಿದೆ. ಎಷ್ಟು ಹೊತ್ತು? ಒಂದು ಸೆಕೆಂಡು. ಆ ಒಂದು ಸೆಕೆಂಡು ಟಿವಿ ಗೆದ್ದಿತು ವೇದಾ. ಅದನ್ನ ಹೇಗೆ ಹೇಳ್ಲಿ? ಯಾರಿಗೆ ಹೇಳ್ಲಿ?"

ವೇದಾವತಿಗೆ ಅಳು ಬರಬೇಕಿತ್ತು. ಬಂದದ್ದು ನಗು. ತಡೆಯಲು ಸೆರಗು ಕಚ್ಚಿದಳು, ಆಗಲಿಲ್ಲ. ಉಪಾಧ್ಯರು ಮೊದಲು ಸಿಟ್ಟಿನಿಂದ ನೋಡಿದರು, ಆಮೇಲೆ ಅವರ ಭುಜವೂ ಕುಲುಕತೊಡಗಿತು. ಎರಡೂವರೆ ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಹುಲ್ಲಿನೊಳಗಿನ ಹುಂಡುಕೋಳಿ ಗಾಬರಿಯಾಗಿ ಕೂಗಿತು.

ಆ ನಗು ಇಳಿಯುವ ಮೊದಲೇ ಅವಳು ಹೇಳಿಬಿಟ್ಟಳು. "ಸಾಲಿಗ್ರಾಮ ಸಿಕ್ಕಿದೆ. ಮಾವಶಿಯ ಮನೆಯಲ್ಲಿ ಉಂಟು. ಬತ್ತಾ ಹೋಗಿತ್ತಂತೆ, ಅದರ ಬದಲಿಗೆ ದೇವರಲ್ಲೇ ಕುಟ್ತಾ ಇದ್ದಾಳೆ."

"ಎಂತ ಕುಟ್ತಾಳೆ?"

"ನಿಮ್ಮ ಶೇಂಗಾಪುಡಿ."

"ಮತ್ತೆ?"

"ಮತ್ತೆ... ಬೆಳ್ಳುಳ್ಳಿ."

ಉಪಾಧ್ಯರು ಎದ್ದರು. ಚೀಲ ಅಲ್ಲೇ ಬಿಟ್ಟು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಮನೆಯ ದಾರಿ ಹಿಡಿದರು. ಹಿಂದೆ ಓಡುತ್ತ ವೇದಾವತಿ ಅವರ ಬೆನ್ನನ್ನು ಓದಲು ನೋಡಿದಳು. ಬೆನ್ನಿನಲ್ಲಿ ಏನೂ ಬರೆದಿರಲಿಲ್ಲ.

ಮಾವಶಿಯ ಬಾಗಿಲು ತೆರೆದೇ ಇತ್ತು. ಏದುಸಿರು ಬಿಡುತ್ತ ನಿಂತ ಇಬ್ಬರನ್ನೂ ನೋಡಿ ಅವಳು ಕುಟ್ಟುವುದನ್ನು ನಿಲ್ಲಿಸಿದಳು. ವೇದಾವತಿ ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ವಿಷಯ ಹೇಳಿ ಮುಗಿಸುವ ಮೊದಲೇ ಮಾವಶಿ, "ಅಗ ಬಾಯಿ ಗ!" ಎಂದು ಎರಡೂ ಕೆನ್ನೆ ಬಡಿದುಕೊಂಡಳು. "ದೇವರಾ? ಇದಾ? ಒಣ ಸೀಗಡಿ ಕೂಡ ಕುಟ್ಟಿದ್ದೇನಲ್ಲ ಇದರಲ್ಲಿ! ಯಾವ ನರಕಕ್ಕೆ ಹೋಗಲಿ ನಾನು!"

ಸೀಗಡಿಯ ವಿಷಯ ವೇದಾವತಿಗೂ ಗೊತ್ತಿರಲಿಲ್ಲ. ಅವಳು ಗಂಡನ ಮುಖ ನೋಡಲು ಹೆದರಿ ನೆಲ ನೋಡಿದಳು.

ಉಪಾಧ್ಯರು ನೆಲದ ಮೇಲೆ, ಖಲದ ಎದುರಿಗೆ ಕೂತರು. ಕಲ್ಲನ್ನು ಬಹಳ ಹೊತ್ತು ನೋಡಿದರು. ಅದು ಎಣ್ಣೆ ಖಾರ ಕುಡಿದು ಹಿಂದೆಂದೂ ಇಲ್ಲದಷ್ಟು ಮಿರಮಿರ ಮಿಂಚುತ್ತಿತ್ತು.

"ಮಾವಶಿ, ಅಳಬೇಡಿ" ಎಂದು ತಮ್ಮ ಕಾರ್ಖಾನೆಯ ಮರಾಠಿಯಲ್ಲಿ ಹೇಳಿದರು. "ಆ ದಿನ ನೀವು ನಮ್ಮನ್ನ ಮೇಲೆ ಎಳ್ಕೊಂಡಾಗ ನಾಲ್ಕು ಜನ ಅಂತ ಎಣಿಸಿದ್ದೆ. ಐದು ಜನ ಇದ್ವಿ ಅಂತ ಇವತ್ತು ಗೊತ್ತಾಯ್ತು."

ಮಾವಶಿ ಮೂಗು ಒರೆಸಿಕೊಂಡಳು. ದೇವರನ್ನು ಹಾಗೇ ಕಳಿಸಲು ಅವಳು ಒಪ್ಪಲಿಲ್ಲ. ತೊಳೆದು, ಅರಿಶಿನ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಅಕ್ಕಿ ತೆಂಗಿನಕಾಯಿ ಇಟ್ಟು, ಗಂಡನ ಮನೆಗೆ ಹೊರಟ ಮಗಳನ್ನು ಕಳಿಸುವಂತೆ ಬಾಗಿಲವರೆಗೆ ಬಂದಳು. ಬಾಗಿಲಲ್ಲಿ ಅವಳಿಗೆ ನೆನಪಾಯಿತು.

"ಅದು ಸರಿ ಭಾವೋಜಿ. ಇನ್ನು ನಾನು ಯಾವುದರಲ್ಲಿ ಕುಟ್ಟಲಿ?"

ಉಪಾಧ್ಯರು ಕೆಳಗಿಳಿದು, ಬಾಲ್ಕನಿಯಲ್ಲಿ ಕೂತು ನಂಬರುಗಳ ಪಟ್ಟಿ ನೋಡಿ, ಮೂರು ಕಲ್ಲು ಆರಿಸಿ ತಂದರು. ಮಾವಶಿ ಒಂದೊಂದರಲ್ಲೂ ಬೆಳ್ಳುಳ್ಳಿ ಜಜ್ಜಿ ನೋಡಿದಳು. ಹದಿನೇಳನೆಯ ನಂಬರು ಜಾರಿತು. ನಲವತ್ತು ಪುಡಿ ಉದುರಿಸಿತು. ತೊಂಬತ್ತೆರಡಕ್ಕೆ, "ಹೂಂ, ಚಾಲೇಲ್, ಅಡ್ಡಿಯಿಲ್ಲ" ಎಂದಳು, ಹೊಸ ಸೊಸೆಯನ್ನು ಒಪ್ಪಿಕೊಂಡ ಅತ್ತೆಯ ಬಿಗುಮಾನದಲ್ಲಿ.

ಶುದ್ಧಿಯ ಕ್ರಮ ಕೇಳಲು ಹಯಗ್ರೀವಾಚಾರ್ಯರಿಗೆ ಫೋನು ಹೋಯಿತು. ಏನೇನು ತಗಲಿತ್ತು ಎಂದು ಅವರು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಉಪಾಧ್ಯರು ಲ್ಯಾಬ್ ರಿಪೋರ್ಟಿನಂತೆ ಓದಿದರು: ಹಸಿಮೆಣಸು, ಬೆಳ್ಳುಳ್ಳಿ, ಶೇಂಗಾ, ಒಣ ಸೀಗಡಿ. ಆಚಾರ್ಯರು ಗಂಟಲು ಸರಿಮಾಡಿಕೊಂಡರು.

"ಸೀಗಡಿ ದೊಡ್ಡದಾ, ಚಿಕ್ಕದಾ?"

"ಅದರಿಂದ ಶುದ್ಧಿಯಲ್ಲಿ ವ್ಯತ್ಯಾಸ ಉಂಟಾ ಆಚಾರ್ರೇ?"

"ಇಲ್ಲ. ಸುಮ್ಮನೆ ಕೇಳಿದೆ" ಎಂದು ಆಚಾರ್ಯರು ಪಂಚಗವ್ಯದ ವಿಧಿ ಹೇಳಿ ಫೋನಿಟ್ಟರು.

ವಿಜಯದಶಮಿಯ ಮಧ್ಯಾಹ್ನ ಪೂಜೆಯಾಯಿತು. ತೀರ್ಥ ತೆಗೆದುಕೊಂಡು ಉಪಾಧ್ಯರು ಎಲೆಯ ಮುಂದೆ ಕೂತರು. ವೇದಾವತಿ ಅನ್ನ ಬಡಿಸಿ, ತಿಳಿಸಾರು ಹಾಕಿ, ಬಾಗಿಲಿಗೆ ಒರಗಿ ನಿಂತಳು. ನಾಲ್ಕನೆಯ ಸಲ ಅನ್ನ ಕೇಳಿದಾಗ ಪಕ್ಕದಲ್ಲಿದ್ದ ಮಯೂರ್ ಬೆರಳು ಎಣಿಸಿದ.

"ಪಪ್ಪಾ, ಸಾಂಬಾರಿಗೆ ಜಾಗ ರಖೋ."

"ತಿನ್ನಲಿ ಬಿಡು," ಎಂದರು ಜಾನಕಮ್ಮ. "ಆದರೆ ವೇದಾ, ಪಾಯಸ ಮೊದಲು ನನಗೆ ಬಡಿಸಿಬಿಡು. ಇವನ ಮೇಲೆ ನಂಬಿಕೆ ಇಲ್ಲ."

ಬಡಿಸಿ ಒಳಗೆ ಹೋದ ವೇದಾವತಿ ಖಾಲಿಯಾದ ಅನ್ನದ ಪಾತ್ರೆಯನ್ನು ಎದೆಗೆ ಹಿಡಿದುಕೊಂಡು ನಿಂತಳು. ಆಮೇಲೆ ಇನ್ನೆರಡು ಪಾವು ಅಕ್ಕಿ ತೊಳೆದು ಒಲೆಗಿಟ್ಟಳು.

ಇನ್ನಾದರೂ ಬೆಳಿಗ್ಗೆ ಏಳು ಗಂಟೆಯವರೆಗೆ ಮಲಗುತ್ತಾರೆ ಎಂದು ಅವಳೆಣಿಸಿದ್ದು ತಪ್ಪಾಯಿತು. ಮರುದಿನ ಆರು ಗಂಟೆಗೆ ಅವಳು ಹಾಲು ಕಾಯಿಸುತ್ತಿದ್ದಾಗ ಉಪಾಧ್ಯರು ಪ್ಯಾಂಟು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹೆಗಲಲ್ಲಿ ಚೀಲವಿರಲಿಲ್ಲ.

"ಮತ್ತೆ ಎಲ್ಲಿಗೆ?"

"ನದಿಗೆ."

"ಸಿಕ್ಕಿತಲ್ಲ ಮಾರಾಯ್ರೆ! ಇನ್ನೆಂತ ಹುಡುಕುದು?"

"ಹುಡುಕ್ಲಿಕ್ಕಲ್ಲ. ಸಿಕ್ಕಿತು ಅಂತ ಒಂದು ಮಾತು ಹೇಳಿ ಬರ್ಬೇಕಲ್ಲ? ಎರಡೂವರೆ ತಿಂಗಳು ಪಾಪ, ಅದಕ್ಕೆ ಬೈದದ್ದು ಎಷ್ಟು!"

ವೇದಾವತಿ ಗ್ಯಾಸ್ ಆರಿಸಿ, ಹಾಲಿಗೆ ತಟ್ಟೆ ಮುಚ್ಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಲ್ಲಿ, ನಾನೂ ಬೈದಿದ್ದೇನೆ" ಎಂದು ಚಪ್ಪಲಿ ಮೆಟ್ಟಿದಳು.